ಖತೀಜಳ ಕಿಟಕಿಗೆ ಹೊಲಿದ ಕಪ್ಪು ಪರದೆ

ಖತೀಜಳ ಬಾಯಿಯ ಕ್ಯಾನ್ಸರ್ ಗಡ್ಡೆ ಹೋದದ್ದು ಔಷಧಿಯಿಂದ, ಬೆಳಕಿನಿಂದ. ನಮ್ಮೂರು ಕಡಬದಲ್ಲಿ ಕೆಲವರು ನಾನು ಹೊಲಿದ ಕಪ್ಪು ಬಟ್ಟೆಯನ್ನೂ ಹೊಗಳುವುದುಂಟು. ಅದರಲ್ಲಿ ಹುರುಳಿಲ್ಲ. ಆ ಬಟ್ಟೆಯಲ್ಲಿ ನಾನು ಒಂದು ಕೆಲಸ ಸರಿ ಮಾಡಿದೆ, ಒಂದು ತಪ್ಪು ಮಾಡಿದೆ.

ಮೂರು ವರ್ಷದ ಹಿಂದಿನ ಮಾತು. ಕಡಬ ಪೇಟೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟು ಆಗಲೇ ಮೂವತ್ತೆಂಟು ವರ್ಷವಾಗಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಅಂಗಡಿ ತೆರೆದ ಹೊಸತರಲ್ಲಿ, ಬಟ್ಟೆ ಹಾಳು ಮಾಡಿಯಾಳು ಎಂದು ಯಾರೂ ಹತ್ತಿರ ಬರಲಿಲ್ಲ. ಮೊದಲು ಬಂದವಳು ಖತೀಜ, ತನ್ನ ಮದುವೆಯ ರವಿಕೆ ಹಿಡಿದುಕೊಂಡು. ಅದನ್ನು ನಾನು ಮರೆತಿಲ್ಲ.

ಅವಳಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೊಟ್ಟದ್ದು ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಚಿಕಿತ್ಸೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳಲ್ಲಿ ಔಷಧಿ ತುಂಬಿ ಇಂಜೆಕ್ಷನ್ ಕೊಡುತ್ತಾರೆ. ಅದು ಗಡ್ಡೆಯಲ್ಲಿ ಹೆಚ್ಚು ಸೇರುತ್ತದೆ. ಒಂದು ಬಗೆಯ ಬೆಳಕು ಹಾಯಿಸಿದರೆ ಗಡ್ಡೆ ಎಲ್ಲಿಯವರೆಗೆ ಉಂಟೆಂದು ಹೊಳೆದು ತೋರಿಸುತ್ತದೆ. ಅದರ ಮೇಲೆ ಲೇಸರಿನ ಕೆಂಪು ಬೆಳಕು ಬಿಟ್ಟರೆ ಔಷಧಿ ಗಡ್ಡೆಯನ್ನು ಸಾಯಿಸುತ್ತದೆ. ಆದರೆ ಸ್ವಲ್ಪ ಔಷಧಿ ಚರ್ಮದಲ್ಲೂ ಉಳಿಯುತ್ತದೆ. ಕೆಲವು ವಾರ ಬಿಸಿಲು ತಾಗಿದರೆ ಚರ್ಮ ಬೆಂದೀತು.

“ಬಿಸಿಲು ಬೀಳಬಾರದಂತೆ. ಪರದೆ ಹೊಲಿದು ಕೊಡು,” ಎಂದಳು ಖತೀಜ. ನಾನು ದಪ್ಪ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ, ಅವಳ ಕೋಣೆಯ ಎರಡೂ ಕಿಟಕಿಗೆ ಹೊಲಿದು, ಅಂಚಿಗೆ ಮೊಳೆ ಹೊಡೆಸಿದೆ. ಬಲ್ಬನ್ನೂ ತೆಗೆಸಿದೆ. ಕೈಯೆತ್ತಿದರೆ ಕೈ ಕಾಣದು. ನನಗೆ ಬಹಳ ಹೆಮ್ಮೆ.

ಚಿಕಿತ್ಸೆ ಆಗಿ ವಾರ ಕಳೆದು ಆಸ್ಪತ್ರೆಗೆ ತೋರಿಸುವ ದಿನ ಬಂತು. ಖತೀಜ ಬುರ್ಖಾ ಹಾಕಿ ಹೊರಟು ನಿಂತಳು.

“ಇದರೊಳಗೆ ಬಿಸಿಲು ಎಲ್ಲಿಂದ ಬರುದು ಲೀಲಕ್ಕ? ಕಪ್ಪಲ್ವಾ?”

“ತೆಗಿ ಮಾರಾಯ್ತಿ.”

ಬುರ್ಖಾವನ್ನು ಮನೆಯೆದುರಿನ ಸಿಟೌಟಿಗೆ ತಂದು ಬಿಸಿಲಿಗೆ ಎತ್ತಿ ಹಿಡಿದೆ. ಬಟ್ಟೆಯ ಮೂಲಕವೇ ಆಚೆಯ ತೆಂಗಿನ ಗರಿ ಎಣಿಸಬಹುದಿತ್ತು. ಒಳಗಿನಿಂದಲೇ ನೋಡಿದ ಖತೀಜ ಬಾಯಿ ಬಿಟ್ಟಳು.

“ನೀನೇ ಹೊಲಿದದ್ದಲ್ವಾ ಇದು?”

“ಸೆಕೆಗೆಂದು ತೆಳು ಬಟ್ಟೆಯಲ್ಲಿ ಹೊಲಿದದ್ದು. ಕ್ಯಾನ್ಸರಿಗೆ ಅಲ್ಲ.”

ಕಾರು ಕಾಯುತ್ತಾ ನಿಂತಿತು. ನಾನು ಅಂಗಡಿಗೆ ಹೋಗಿ ಬುರ್ಖಾಕ್ಕೆ ಒಳಗಿನಿಂದ ದಪ್ಪ ಲೈನಿಂಗ್ ಕೊಟ್ಟು, ಉಳಿದ ತುಂಡಿನಲ್ಲಿ ಕೈಗವಸು ಹೊಲಿದು ತಂದೆ. ಅವಳ ಜೊತೆಗೇ ಹೊರಟೆ.

ಆಸ್ಪತ್ರೆಯ ನರ್ಸು ಲೈನಿಂಗ್ ಮುಟ್ಟಿ ನೋಡಿ, “ಇದು ಸರಿ ಉಂಟು. ಮನೆಯಲ್ಲಿ ಎಂತ ಮಾಡಿದ್ದೀರಿ?” ಎಂದು ಕೇಳಿದಳು. ನಾನು ಪರದೆಯ ವಿಷಯ, ಬಲ್ಬಿನ ವಿಷಯ ಎಲ್ಲ ಹೇಳಿದೆ. ಅವಳ ಮುಖ ಬಿಗಿಯಿತು.

“ಅಜ್ಜಿ, ಕತ್ತಲೆಯಲ್ಲಿ ಕೂರಿಸ್ಲಿಕ್ಕೆ ಯಾರು ಹೇಳಿದ್ದು? ನೇರ ಬಿಸಿಲು, ಜೋರು ಲೈಟು ಬೇಡ, ಅಷ್ಟೆ. ಕೋಣೆಯ ಸಾಧಾರಣ ಬೆಳಕು ಬೇಕು. ಚರ್ಮದ ಔಷಧಿ ಸ್ವಲ್ಪ ಸ್ವಲ್ಪವೇ ಹೋಗುದು ಆ ಬೆಳಕಿಗೆ. ಕತ್ತಲೆ ಮಾಡಿದ್ರೆ ಅಲ್ಲೇ ಉಳಿತದೆ.”

ಒಂದು ವಾರ ಅವಳನ್ನು ಸುಮ್ಮನೆ ಕತ್ತಲೆಗೆ ಹಾಕಿದ್ದೆ. ಬರುವಾಗ ಕಾರಿನಲ್ಲಿ, ತಪ್ಪಾಯಿತು ಎಂದೆ.

“ನನ್ನ ಮದುವೆ ರವಿಕೆಗೂ ನೀನು ತೋಳು ಬಿಗಿ ಮಾಡಿದ್ದೆ,” ಎಂದಳು ಖತೀಜ. “ಬಿಚ್ಚಿ ಹೊಲಿದು ಕೊಡ್ಲಿಲ್ವಾ? ಇದನ್ನೂ ಬಿಚ್ಚು.”

ಅಳತೆ ತೆಗೆಯದೆ ಕತ್ತರಿ ಹಾಕಬೇಡಿ ಎಂದು ಎಷ್ಟೋ ಹುಡುಗಿಯರಿಗೆ ಕಲಿಸಿದವಳು ನಾನು. ಬೆಳಕಿಗೂ ಅಳತೆ ಉಂಟೆಂದು ನನಗೆ ಕಲಿಸಿದ್ದು ಆ ನರ್ಸು. ಅವಳಿಗೂ, ಎರಡು ಸಲ ನನ್ನನ್ನು ನಂಬಿದ ಖತೀಜಳಿಗೂ ನಾನು ಋಣಿ.

ಮರುದಿನ ಬೆಳಿಗ್ಗೆ ಕತ್ತರಿ ಹಿಡಿದು ಅವಳ ಮನೆಗೆ ಹೋದೆ. ಬಲ್ಬು ಹಾಕಿಸಿದೆ. ಬಡಗು ದಿಕ್ಕಿನ ಕಿಟಕಿಗೆ ನೇರ ಬಿಸಿಲು ಬೀಳುದಿಲ್ಲ, ಅದರ ಪರದೆ ಬಿಚ್ಚಬಹುದಾ ಎಂದು ಮೊದಲು ನರ್ಸಿಗೆ ಫೋನು ಮಾಡಿ ಕೇಳಿದೆ. ಬಿಚ್ಚಬಹುದು, ಆದರೆ ತೆಳು ಬಟ್ಟೆ ಹಾಕಿ, ಕಿಟಕಿಯಿಂದ ದೂರ ಕೂರಿಸಿ ಎಂದಳು. ಆಮೇಲೆ ಹೊಲಿಗೆ ಬಿಚ್ಚಿದೆ.