ಟೇಪು ಬಿಚ್ಚದ ಡಬ್ಬಿ

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಶ್ರೀರಾಮಪ್ಪನ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಅವನ ಕೆಲಸ ಏನೆಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ವರ್ಷದಲ್ಲಿ ನಾಲ್ಕು ತಿಂಗಳು ಅವನು ಲಡಾಖಿನ ಹಿಮದ ಮೇಲೆ ಸೌಟು ಹಿಡಿದಿರುತ್ತಾನೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಕೆಳಗೆ ಪಬ್ಬು ಮೇಲೆ ಆಫೀಸು ಇರುವ ಕಟ್ಟಡವೊಂದರಲ್ಲಿ, ದುಡ್ಡಿದ್ದವರನ್ನು ಹಿಮಶಿಖರ ಹತ್ತಿಸಿ ಇಳಿಸುವ ಕಂಪನಿಯಿದೆ. ಅದರ ಅಡುಗೆಯವನು ಶ್ರೀರಾಮಪ್ಪ. ಮೊದಲ ಸಲ ಕೊಟ್ಟ ಐಡಿ ಕಾರ್ಡಿನಲ್ಲಿ ‘ಅಡುಗೆಭಟ್ಟ’ ಎಂದಿದ್ದುದನ್ನು ಓದಿ ಅವನಿಗೆ ನಗು ತಡೆಯಲಾಗಲಿಲ್ಲ. ಅವನ ಕೇರಿಯವನನ್ನು ಭಟ್ಟ ಎಂದು ಕರೆದವರು ಈ ಭೂಮಿಯ ಮೇಲೆ ಅವರೇ ಮೊದಲಿಗರು.

ಈಗ ಅವನಿಗೆ ಐವತ್ನಾಲ್ಕು. ಹುಟ್ಟಿದ್ದು ಕೆ.ಆರ್. ಪುರಂ ಆಚೆಯ ಒಂದು ಹಳ್ಳಿಯಲ್ಲಿ, ಅಂದರೆ ಹಳ್ಳಿಯ ಹೊರಗೆ. ತಾಯಿ ಪಿಳ್ಳಮ್ಮ, ಮುನಿಆಂಜನಪ್ಪ ಎಂಬವರ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬಾಯಾರಿದರೆ ಆ ಮನೆಯವರು ಚೊಂಬು ಎತ್ತಿ ಮೇಲಿನಿಂದ ನೀರು ಹೊಯ್ಯುತ್ತಿದ್ದರು, ಅವಳು ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ಏಳು ವರ್ಷದ ಶ್ರೀರಾಮಪ್ಪ ಪಕ್ಕದಲ್ಲಿ ನಿಂತು ನೋಡಿದ್ದ. ಮರೆಯಲಿಲ್ಲ. ಹದಿನೆಂಟಕ್ಕೆ ಊರು ಬಿಟ್ಟು ಹಲಸೂರಿನ ಸೋದರಮಾವನ ಮನೆ ಸೇರಿದ, ತಾಯಿಯನ್ನು ನೋಡಲು ಮಾತ್ರ ಊರಿಗೆ ಹೋಗಿ ಬರುತ್ತಿದ್ದ. ದಂಡಿನ ಮೆಸ್ಸೊಂದರಲ್ಲಿ ಪಾತ್ರೆ ತೊಳೆಯುತ್ತ ತೊಳೆಯುತ್ತ ಅಡುಗೆ ಕಲಿತ.

ಅಲ್ಲಿ ಬಸಣ್ಣ ಎಂಬ ಮುದುಕನೊಬ್ಬನಿದ್ದ, ಸೈನಿಕರ ಜೊತೆ ಹಿಮಾಲಯಕ್ಕೆ ಹೋಗಿ ಅಡುಗೆ ಮಾಡಿ ಬಂದವನು. ಶ್ರೀರಾಮಪ್ಪನನ್ನು ಬೆಟ್ಟಕ್ಕೆ ಕರೆದೊಯ್ದವನೂ ಅವನೇ. “ನೋಡಪ್ಪ, ಮೇಲೆ ಹೋದೋರೆಲ್ಲ ಚೆನ್ನಾಗಿದ್ದೀನಿ ಅಂತಾರೆ. ಬೆರಳಿಗೆ ಸಿಗ್ಸಿ ಆಕ್ಸಿಜನ್ ನೋಡೋ ಮಿಷೀನೂ ಒಂದೊಂದ್ಸಲ ಸುಳ್ಳು ಹೇಳ್ತದೆ. ತಟ್ಟೆ ಸುಳ್ಳು ಹೇಳಲ್ಲ. ಎರಡು ಹೊತ್ತು ತಟ್ಟೇಲಿ ಅನ್ನ ಬಿಟ್ಟೋನ್ನ ಮೇಲೆ ಕಳಿಸ್ಬೇಡ,” ಎಂದಿದ್ದ. ತೆಳು ಗಾಳಿ ತಲೆಗೆ ಏರುವ ಮೊದಲು ಹಸಿವನ್ನು ಕೊಲ್ಲುತ್ತದೆ. ಅಂದಿನಿಂದ ಶ್ರೀರಾಮಪ್ಪ ಪ್ರತಿ ಸಂಜೆ ತಟ್ಟೆಗಳನ್ನು ನೋಡಿ ತಂಡದ ಮುಂದಾಳಿಗೆ ವರದಿ ಕೊಡುತ್ತಾನೆ. ಶಿವಾಜಿನಗರದ ಶೌಕತ್ ಹನ್ನೆರಡು ವರ್ಷಗಳಿಂದ ಆ ಕಂಪನಿಯ ಮುಂದಾಳು. ಡಾಕ್ಟರರ ಮಾತಿಗಿಂತ ಒಂದು ಗುಲಗಂಜಿ ಹೆಚ್ಚಾಗಿಯೇ ಈ ತಟ್ಟೆ ವರದಿಯನ್ನು ನಂಬುತ್ತಾನೆ.

ಹೊರಗಿನವರು ಇದನ್ನೆಲ್ಲ ಸಾಹಸ ಎನ್ನುತ್ತಾರೆ. ಶ್ರೀರಾಮಪ್ಪನಿಗೆ ಅದು ನಾಲ್ಕೂವರೆಗೆ ಎದ್ದು ಐಸು ಕರಗಿಸುವುದು. ಒಂದು ಪಾತ್ರೆ ಹಿಮಕ್ಕೆ ಒಂದು ಲೋಟ ನೀರು. ಅಲ್ಲಿ ನೀರು ಕುದಿಯುತ್ತದೆ, ಅಕ್ಕಿ ಬೇಯುವುದಿಲ್ಲ. ಕುಕ್ಕರಿನ ಮುಚ್ಚಳದ ಮೇಲೆ ಕಲ್ಲು ಹೇರಿ ಕೂತು ಕಾಯಬೇಕು. ಆರು ಡೇರೆಗಳ ಜಿಪ್ಪಿನ ಮುಂದೆ ನಿಂತು “ಸರ್, ಟೀ” ಎನ್ನಬೇಕು. ಬಿಸಿಲು ಬಂದರೆ ಮಲಗುವ ಚೀಲಗಳನ್ನು ಹೊರಗೆ ಹರವಬೇಕು. ಇಷ್ಟಾದ ಮೇಲೆ ಯಾರಾದರೊಬ್ಬರು ಮೂಗು ಮುರಿದು, ಚಟ್ನಿಗೆ ತಾಜಾ ಕೊತ್ತಂಬರಿ ಹಾಕಿಲ್ಲವೇ ಎಂದು ಕೇಳುತ್ತಾರೆ. ಆಗ ಆ ಮುಖಕ್ಕೇ ಚಟ್ನಿ ಬಳಿಯಬೇಕು ಅನ್ನಿಸುತ್ತದೆ. ಅವನು ಬಳಿಯುವುದಿಲ್ಲ, ಅಷ್ಟೆ.

ಕಳೆದ ಆಗಸ್ಟಿನಲ್ಲಿ ಹೊರಟ ತಂಡದಲ್ಲಿ ಮುನಿಆಂಜನಪ್ಪನ ಮಗ ಮುನಿರಾಜ್ ಇದ್ದ. ರಾಗಿ ಹೊಲದಲ್ಲಿ ಈಗ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟು ಎದ್ದಿದೆ. ಮುನಿರಾಜನಿಗೆ ಮೂವತ್ತಾರು ವಯಸ್ಸು, ವಾರ್ಡಿನ ಟಿಕೆಟ್ಟಿನ ಮೇಲೆ ಕಣ್ಣು. ಹೊರಡುವ ಮೊದಲೇ ಕೆ.ಆರ್. ಪುರಂ ಮಾರ್ಕೆಟ್ಟಿನ ಎದುರು ‘ಹಿಮಶಿಖರ ಗೆದ್ದ ಯುವನಾಯಕ’ ಎಂಬ ಫ್ಲೆಕ್ಸು ನಿಂತಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ. ಶಿಖರದ ಮೇಲಿನ ಒಂದು ಫೋಟೊ ಇಲ್ಲದೆ ಅವನು ಊರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಇಂದಿರಾನಗರದ ಆಫೀಸಿನಲ್ಲಿ ಎಲ್ಲರ ಪರಿಚಯವಾಗುವಾಗ ಅವನು ಶ್ರೀರಾಮಪ್ಪನನ್ನು ದಿಟ್ಟಿಸಿ ನೋಡಿದ. “ನೀನು ಪಿಳ್ಳಮ್ಮನ ಮಗ ಅಲ್ವೇನೋ? ನಮ್ ಹೊಲದಾಗೆ ಕಳೆ ಕೀಳ್ತಿದ್ಲಲ್ಲ?”

ಹದಿನೆಂಟು ವರ್ಷ ಚಿಕ್ಕವನು. ‘ಏನೋ’ ಅಂತೆ.

“ಹೌದು ಸರ್,” ಎಂದ ಶ್ರೀರಾಮಪ್ಪ. “ಅಡುಗೆ ನಂದೇ.”

ಮುನಿರಾಜನ ಮುಖ ಹುಳಿ ಮಜ್ಜಿಗೆ ಕುಡಿದವನಂತಾಯಿತು. ಹೊರಡುವ ದಿನ ಅವನ ಚೀಲದಲ್ಲಿ ತಾಯಿ ರಾಮಲಕ್ಷ್ಮಮ್ಮ ಕಟ್ಟಿಕೊಟ್ಟ ನಿಪ್ಪಟ್ಟಿನ ಎರಡು ದೊಡ್ಡ ಸ್ಟೀಲು ಡಬ್ಬಿಗಳಿದ್ದವು. ಮುಚ್ಚಳದ ಸುತ್ತ ಕಂದು ಟೇಪು ಬಿಗಿಯಾಗಿ ಸುತ್ತಿತ್ತು. ಕೆಳಗಿನ ಕ್ಯಾಂಪಿನಲ್ಲಿದ್ದ ಮೂರು ದಿನವೂ ಅವನು ಶ್ರೀರಾಮಪ್ಪ ಬಡಿಸಿದ ತಟ್ಟೆಯನ್ನು ಮುಟ್ಟಲಿಲ್ಲ. “ಹೊಟ್ಟೆ ಸರಿ ಇಲ್ಲ” ಎಂದು ಡೇರೆಗೆ ಹೋಗಿ ಕಟುಂ ಕುಟುಂ ಎಂದು ನಿಪ್ಪಟ್ಟು ತಿನ್ನುತ್ತಿದ್ದ. ಸದ್ದು ಅಡುಗೆ ಡೇರೆಯವರೆಗೂ ಕೇಳುತ್ತಿತ್ತು. ಒಂದು ಡಬ್ಬಿ ಖಾಲಿಯಾಯಿತು. ಹೊಟ್ಟೆ ಸರಿಯಿಲ್ಲದವನು ಕರಿದದ್ದು ತಿನ್ನುತ್ತಾನೆಯೇ? ಶ್ರೀರಾಮಪ್ಪನಿಗೆ ಅರ್ಥವಾಗದ್ದೇನಿರಲಿಲ್ಲ. ಐದು ಸಾವಿರ ಮೀಟರು ಹತ್ತಿದರೂ ಚೊಂಬು ಮೇಲೆಯೇ ಇತ್ತು.

ಬೇಸ್ ಕ್ಯಾಂಪಿಗೆ ಏರಿದ ಮೊದಲ ಸಂಜೆ ಶೌಕತ್ ಎಂದಿನಂತೆ ಕೇಳಿದ, “ತಟ್ಟೆ ಏನ್ ಹೇಳ್ತು ಶ್ರೀರಾಮಣ್ಣ?”

“ಐದು ಖಾಲಿ. ಮುನಿರಾಜಂದು ತುಂಬ ಇದೆ. ಅವನದು ಬಿಡು ಭಾಯ್, ಮನೆ ಡಬ್ಬಿ ತಿಂತಾನೆ. ನನ್ನ ಕೈ ಅಡುಗೆ ಅವನಿಗೆ ಆಗಲ್ಲ.”

ಶೌಕತ್ ಹಲ್ಲು ಕಚ್ಚಿ ಮುನಿರಾಜನನ್ನು ಬೈದ. ಮರುದಿನ ಮೂರು ಹೊತ್ತೂ ತಟ್ಟೆ ಹಾಗೇ ತುಂಬಿತ್ತು. ಶ್ರೀರಾಮಪ್ಪ ಅದೇ ವರದಿ ಕೊಟ್ಟ. ಉಪವಾಸ ಬಿದ್ದು ಸಾಯಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮಾತ್ರ ವರದಿಯಲ್ಲಿ ಸೇರಿಸಲಿಲ್ಲ. ಆ ದಿನ ಡೇರೆಯಿಂದ ಕಟುಂ ಕುಟುಂ ಸದ್ದು ಬರಲಿಲ್ಲ ಎಂಬುದನ್ನು ಅವನು ಗಮನಿಸಲೇ ಇಲ್ಲ. ಸಿಟ್ಟು ಕಣ್ಣು ಕಟ್ಟುತ್ತದೆ ಎನ್ನುತ್ತಾರೆ, ಅವನ ಕಿವಿಯನ್ನೂ ಕಟ್ಟಿತ್ತು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ತಂಡ ಒಂದನೇ ಕ್ಯಾಂಪಿಗೆ ಹೊರಟಿತು. ಹತ್ತಕ್ಕೆ ಬಿಸಿಲು ಬಂತು. ಶ್ರೀರಾಮಪ್ಪ ಮಲಗುವ ಚೀಲಗಳನ್ನು ಹರವುತ್ತ ಮುನಿರಾಜನ ಡೇರೆಗೆ ಬಂದ. ಚೀಲ ಎಳೆದಾಗ ಎರಡನೇ ಡಬ್ಬಿ ಉರುಳಿತು. ಭಾರವಾಗಿತ್ತು. ಸುತ್ತಿದ ಕಂದು ಟೇಪಿನ ಒಂದು ಎಳೆಯೂ ಎದ್ದಿರಲಿಲ್ಲ. ಮೂಲೆಯಲ್ಲಿ ಬಟ್ಟೆಗಳ ಅಡಿಯಲ್ಲಿ ಪ್ಲಾಸ್ಟಿಕ್ ಕವರು ಮುದುಡಿತ್ತು, ಒಳಗೆ ಹೆಪ್ಪುಗಟ್ಟಿದ ವಾಂತಿ.

ಶ್ರೀರಾಮಪ್ಪ ಲೆಕ್ಕ ಹಾಕಿದ. ಎರಡು ದಿನದಿಂದ ಈ ಮನುಷ್ಯ ತನ್ನ ಅಡುಗೆಯನ್ನಷ್ಟೇ ಅಲ್ಲ, ಹೆತ್ತವಳ ನಿಪ್ಪಟ್ಟನ್ನೂ ಮುಟ್ಟಿಲ್ಲ. ತಟ್ಟೆ ಸತ್ಯವನ್ನೇ ಹೇಳಿತ್ತು, ಸುಳ್ಳು ಹೇಳಿದವನು ತಾನು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ವಾಕಿಟಾಕಿ ಹಿಡಿದ. ಅದರಲ್ಲಿ ಮಾತಾಡಿದರೆ ಇಡೀ ತಂಡಕ್ಕೆ ಕೇಳುತ್ತದೆ.

“ಶೌಕತ್ ಭಾಯ್, ಮುನಿರಾಜನ್ನ ವಾಪಸ್ ಕರ್ಕೊಂಡ್ ಬಾ. ಈಗಲೇ.”

“ಯಾಕಣ್ಣ? ಬೆಳಿಗ್ಗೆ ಆಕ್ಸಿಜನ್ ಎಂಬತ್ತೆರಡು ಇತ್ತು, ಈ ಎತ್ತರಕ್ಕೆ ಅದು ಸರೀನೇ. ತಿಂತಿದ್ದಾನೆ ಅಂತ ನೀನೇ ಹೇಳ್ದಲ್ಲ?”

ಶ್ರೀರಾಮಪ್ಪ ಟೇಪು ಸುತ್ತಿದ ಡಬ್ಬಿಯನ್ನು ನೋಡಿದ. ಸುಮ್ಮನಿದ್ದರೆ ಹನ್ನೆರಡು ವರ್ಷದ ಹೆಸರು ಉಳಿಯುತ್ತದೆ. ಆದರೆ ಅಷ್ಟರಲ್ಲಿ ಆ ಮನುಷ್ಯ ಇನ್ನೂ ಮುನ್ನೂರು ಮೀಟರು ಏರಿರುತ್ತಾನೆ.

“ನಾನು ನೋಡ್ದೇನೇ ಹೇಳ್ದೆ. ಡಬ್ಬಿ ಟೇಪೂ ಬಿಚ್ಚಿಲ್ಲ. ಎರಡು ದಿನ ಏನೂ ತಿಂದಿಲ್ಲ, ವಾಂತಿ ಮಾಡಿ ಮುಚ್ಚಿಟ್ಟಿದ್ದಾನೆ. ತಪ್ಪು ನಂದು.”

ವಾಕಿಟಾಕಿಯಲ್ಲಿ ಶೌಕತನ ಹಿಂದಿನಿಂದ ಮುನಿರಾಜನ ತೊದಲು ಕೂಗು: “ಆ ಪಿಳ್ಳಮ್ಮನ ಮಗ ಹೇಳ್ದ ಅಂತ ನಾನ್ ವಾಪಸ್ ಬರ್ಬೇಕಾ? ಹೊಟ್ಟೆಕಿಚ್ಚು ಅವನಿಗೆ!”

“ಹಿಮದ ಮೇಲೆ ಗೆರೆ ಎಳೀತೀನಿ,” ಎಂದ ಶೌಕತ್. “ಅದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೀರಿ ಸರ್. ನಡೆದ್ರೆ ನಾನೇ ಕ್ಷಮೆ ಕೇಳ್ತೀನಿ.”

ನಾಲ್ಕನೇ ಹೆಜ್ಜೆಗೆ ಮುನಿರಾಜ್ ಕುಡಿದವನ ಹಾಗೆ ಪಕ್ಕಕ್ಕೆ ಬಿದ್ದ. ತಾನು ಬಿದ್ದದ್ದು ಅವನಿಗೆ ಗೊತ್ತಾಗಲಿಲ್ಲ. ತೆಳು ಗಾಳಿ ತಲೆಗೆ ಏರಿತ್ತು.

ಶೌಕತ್ ಇಂಜೆಕ್ಷನ್ ಚುಚ್ಚಿ ಅವನನ್ನು ಹಗ್ಗ ಕಟ್ಟಿ ಇಳಿಸಿಕೊಂಡು ಬಂದ. ಶ್ರೀರಾಮಪ್ಪ ಫ್ಲಾಸ್ಕು ಹಿಡಿದು ಎದುರು ಏರಿದ. ಉಳಿದ ಐವರು ಮೇಲಿದ್ದುದರಿಂದ ಶೌಕತ್ ತಿರುಗಿ ಹೋಗಲೇಬೇಕಾಯಿತು. “ನಿನ್ನ ಜೊತೆ ಆಮೇಲೆ ಮಾತಾಡ್ತೀನಿ,” ಎಂದಷ್ಟೇ ಹೇಳಿ, ಮುಖ ನೋಡದೆ ಹೊರಟ. ಬೇಸ್ ಕ್ಯಾಂಪಿನಲ್ಲಿ ಕುದುರೆಯವನೊಬ್ಬನನ್ನು ಕರೆದುಕೊಂಡು, ತನ್ನ ಚೀಲಕ್ಕೆ ಆ ಡಬ್ಬಿಯನ್ನೂ ತುರುಕಿ, ಶ್ರೀರಾಮಪ್ಪ ಕೆಳಗಿನ ಕ್ಯಾಂಪಿನ ದಾರಿ ಹಿಡಿದ. ಕುದುರೆ ನಡೆಯಲಾರದ ಕಲ್ಲುಗಳ ಮೇಲೆ ಎಂಬತ್ತು ಕಿಲೋ ಮೈ ಶ್ರೀರಾಮಪ್ಪನ ಹೆಗಲಿಗೆ ಬಿತ್ತು. ಮುನಿರಾಜ್ ಅವನ ಕುತ್ತಿಗೆ ತಬ್ಬಿಕೊಂಡ, ಅವನ ಜಾಕೆಟ್ಟಿನ ಮೇಲೆ ಹಳದಿ ನೀರು ಕಕ್ಕಿದ, ಅವನು ಬಾಯಿಗೆ ಹಿಡಿದ ಲೋಟದಿಂದ ಗುಟುಕು ಗುಟುಕಾಗಿ ನೀರು ಕುಡಿದ. ಆಗ ಮೈಲಿಗೆ ಎಲ್ಲಿ ಹೋಗಿತ್ತೋ! ಶ್ರೀರಾಮಪ್ಪನ ಮಂಡಿ ಸಿಡಿಯುತ್ತಿತ್ತು. ಈ ಹೆಣಭಾರವನ್ನು ಇಲ್ಲೇ ಕುಕ್ಕಿ ಹೋಗಲೇ ಎಂದು ಮೂರು ಸಲ ಅನ್ನಿಸಿತು. ಮೂರು ಸಲವೂ ಟೇಪು ಸುತ್ತಿದ ಡಬ್ಬಿ ಬೆನ್ನಿಗೆ ಒತ್ತಿತು. ಇವನು ಸತ್ತರೆ ಕೊಂದವನು ತಾನೇ ಎಂಬ ಹೆದರಿಕೆ ಅವನನ್ನು ನಡೆಸಿತು, ಪ್ರೀತಿಯಲ್ಲ.

ಕೆಳಗಿನ ಕ್ಯಾಂಪಿನಲ್ಲಿ ಬೆಳಗಾಗುವ ಹೊತ್ತಿಗೆ ಮುನಿರಾಜನ ತಲೆನೋವು ಇಳಿದಿತ್ತು. ಎದ್ದು ಕುಳಿತು ಸುತ್ತ ನೋಡಿದ, ಹೆಸರು ದಿನ ಎಲ್ಲ ಸರಿಯಾಗಿ ಹೇಳಿದ. ಶ್ರೀರಾಮಪ್ಪ ರಾಗಿ ಗಂಜಿ ಕಾಯಿಸಿ, ಉಪ್ಪು ಜೀರಿಗೆ ಹಾಕಿ, ಎದುರಿಗೆ ತಂದಿಟ್ಟ. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಅವನಿಗೆ ಒಂದು ಮಾತಿನ ಆಸೆಯಿತ್ತು ಎಂದರೆ ಸುಳ್ಳಲ್ಲ. ಒಂದೇ ಒಂದು ‘ಅಣ್ಣ’ ಸಾಕಿತ್ತು.

ಮುನಿರಾಜ್ ಗಂಜಿಯನ್ನು ನೋಡಿದ. ಅವನನ್ನು ನೋಡಿದ.

“ನನ್ ಡಬ್ಬಿ ತಂದ್ಯೇನೋ?”

ಶ್ರೀರಾಮಪ್ಪ ಚೀಲದಿಂದ ತೆಗೆದು ಕೊಟ್ಟ. ಮುನಿರಾಜ್ ಉಗುರಿನಿಂದ ಟೇಪು ಕೆರೆದು ಪರ್ರನೆ ಎಳೆದ, ಮುಚ್ಚಳ ತೆಗೆದ, ಗಂಜಿಯ ತಟ್ಟೆಯನ್ನು ಎಡಗೈಯಿಂದ ಅತ್ತ ಸರಿಸಿ ಡೇರೆಯ ಅಂಚಿನ ಕಡೆ ತಿರುಗಿ ಕುಳಿತ. ಕಟುಂ ಕುಟುಂ. ಒಂದು, ಎರಡು, ಐದು ನಿಪ್ಪಟ್ಟು. ಗಂಜಿಯ ಮೇಲೆ ಕೆನೆ ಕಟ್ಟಿತು.

ವಾಕಿಟಾಕಿ ಗೊರಗುಟ್ಟಿತು. ಮೇಲಿನಿಂದ ಶೌಕತನ ದನಿ, ಇನ್ನೂ ಸಿಟ್ಟಿನದು. “ಅವನು ಹೇಗಿದ್ದಾನೆ? ತಟ್ಟೆ ಏನ್ ಹೇಳ್ತು?”

ಶ್ರೀರಾಮಪ್ಪ ತುಂಬಿದ ತಟ್ಟೆ ನೋಡಿದ, ಟೇಪು ಬಿಚ್ಚಿದ ಡಬ್ಬಿ ನೋಡಿದ, ಮುನಿರಾಜನ ಬೆನ್ನು ನೋಡಿದ.

“ತಟ್ಟೆ ಮುಟ್ಟಿಲ್ಲ ಭಾಯ್,” ಎಂದ. “ಡಬ್ಬಿ ಬಿಚ್ಚಿ ತಿಂತಿದ್ದಾನೆ, ಈ ಸಲ ಕಣ್ಣಾರೆ ನೋಡಿ ಹೇಳ್ತಿದ್ದೀನಿ. ಪೂರ್ತಿ ಹುಷಾರಾಗಿದ್ದಾನೆ.”