ಮೊಯ್ದಿನಬ್ಬರು ಕೇಳಿದ ಬ್ಯಾಟರಿ

ಬಹರೈನಿನ ಜುಲೈ ಬಿಸಿಲಿನಲ್ಲಿ ಮಂಕಿಟೋಪಿ ಹಾಕಿಕೊಂಡು ಓಡಾಡುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಮೊಯ್ದಿನಬ್ಬರು ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿದ್ದ ನಮ್ಮ ಸರಕು ಸಾಗಣೆ ಕಂಪನಿಯ ಸರ್ವರ್ ರೂಮ್ ನೋಡಿಕೊಳ್ಳುತ್ತಿದ್ದರು. ಒಳಗಿನ ಎಸಿ ಚಳಿಗೆ ಹಾಕಿದ ಟೋಪಿ ತೆಗೆಯಲು ಮರೆತು ಹಾಗೇ ಚಹಾಕ್ಕೆ ಹೊರಗೆ ಬರುತ್ತಿದ್ದರು. ನಾವು ನಕ್ಕರೆ, "ನಗಿ ನಗಿ, ಶೀತ ಆಗುದು ನನಗಲ್ವಾ" ಎನ್ನುತ್ತಿದ್ದರು.

ಉಳ್ಳಾಲದ ಕಡೆಯವರು. ಬಹರೈನಿಗೆ ಬಂದು ಕಂಪನಿಯ ಸಲ್ಮಾಬಾದಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿ, ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸುತ್ತಲೇ ವಿದ್ಯೆ ಕಲಿತವರು. ನಾನೋ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಅವರ ತಲೆಯ ಮೇಲೆ ಅಧಿಕಾರಿಯಾಗಿ ಬಂದು ಕೂತವನು. ಡಿಸ್ಕುಗಳನ್ನು ಆಳುವ ಕಂಟ್ರೋಲರ್ ಕಾರ್ಡಿನಲ್ಲಿ ಒಂದು ಪುಟ್ಟ ಬ್ಯಾಟರಿ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರೇ ತೋರಿಸಿದರು.

"ನೋಡಿ ಸಾರ್, ಬರೀಲಿಕ್ಕೆ ಕೊಟ್ಟದ್ದನ್ನು ಇದು ಮೊದಲು ಈ ಮೆಮೊರಿಯಲ್ಲಿ ಇಟ್ಕೊಳ್ತದೆ. ಡಿಸ್ಕಿಗೆ ಬರೆಯುವ ಮೊದಲೇ 'ಬರೆದಾಯ್ತು' ಹೇಳ್ತದೆ. ಯಾವ ಧೈರ್ಯದಲ್ಲಿ? ಕರೆಂಟ್ ಹೋದ್ರೂ ಹಿಡ್ಕೊಳ್ಳಿಕ್ಕೆ ಈ ಬ್ಯಾಟ್ರಿ ಉಂಟಲ್ಲ! ಬ್ಯಾಟ್ರಿ ಸತ್ರೆ ಮರ್ಯಾದಿಯಲ್ಲಿ ನಿಧಾನ ಆಗ್ತದೆ, ಬರೆದ ಮೇಲೆಯೇ 'ಆಯ್ತು' ಹೇಳುದು. ನಿಮ್ಮ ಕಾಲೇಜಲ್ಲಿ ಇದೆಲ್ಲ ಕಲಿಸ್ಲಿಲ್ವಾ?"

ಕಲಿಸಿರಲಿಲ್ಲ. ಕಲಿಸಿದ್ದರೂ ನಾನು ಮಾಡಿದ್ದನ್ನೇ ಮಾಡುತ್ತಿದ್ದೆನೇನೋ.

ಆ ಬೇಸಿಗೆಯಲ್ಲಿ ಮುಖ್ಯ ಸರ್ವರಿನ ಆ ಬ್ಯಾಟರಿ ಸತ್ತಿತು. ಕೆಲಸ ಆಮೆಯ ಹಾಗೆ ತೆವಳತೊಡಗಿತು. ಹೊಸ ಬ್ಯಾಟರಿ ಬೇಕೆಂದು ಮೊಯ್ದಿನಬ್ಬರು ಮ್ಯಾನೇಜರಿಗೆ ಮೂರು ಮೇಲ್ ಬರೆದರು. ಮೂರಕ್ಕೂ ನನಗೆ ಕಾಪಿ. ಮ್ಯಾನೇಜರು ಬಂದು, "ಬ್ಯಾಟರಿ ಬಾದ್ ಮೇ ದೇಖೇಂಗೆ, ಅಭೀ ಫಾಸ್ಟ್ ಕರೋ" ಎಂದರು. ಬ್ಯಾಟರಿ ಆಮೇಲೆ, ಮೊದಲು ವೇಗ.

"ಬ್ಯಾಟ್ರಿ ಇಲ್ಲದೆಯೂ ಫಾಸ್ಟ್ ಓಡಿಸ್ಲಿಕ್ಕೆ ಆಗ್ತದೆ ಸಾರ್. ಆದ್ರೆ ಕರೆಂಟ್ ಹೋದ್ರೆ ಮೆಮೊರಿಯಲ್ಲಿದ್ದದ್ದು ಎಲ್ಲ ಹೋಯ್ತು. ನಾನು ಮಾಡುದಿಲ್ಲ" ಎಂದು ಮೊಯ್ದಿನಬ್ಬರು ನನ್ನ ಹತ್ತಿರ ಖಡಾಖಂಡಿತ ಹೇಳಿದರು.

ನಾನು ಮಾಡಿದೆ. ಬ್ಯಾಟರಿ ಇಲ್ಲ, ಖಚಿತವೇ ಎಂದು ಪರದೆ ಕೇಳಿತು; ಹೌದು ಎಂದು ಒತ್ತಿದೆ. ಮ್ಯಾನೇಜರು ಬೆನ್ನು ತಟ್ಟಿದರು. ಮೊಯ್ದಿನಬ್ಬರು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಏನೂ ಆಗದವರಂತೆ ತಮ್ಮ ಡಬ್ಬಿಯ ನೀರುದೋಸೆಯಲ್ಲಿ ನನಗೂ ಎರಡು ಎತ್ತಿಟ್ಟರು.

ಆಗಸ್ಟಿನ ಒಂದು ಮಧ್ಯಾಹ್ನ ಕಟ್ಟಡದ ಕರೆಂಟ್ ಹೋಯಿತು. ತಡೆಯಬೇಕಿದ್ದ ಯುಪಿಎಸ್ ಕೂಡ ಅದೇ ಕ್ಷಣ ಕೈಕೊಟ್ಟಿತು. ಮತ್ತೆ ಶುರು ಮಾಡಿದಾಗ ಡೇಟಾಬೇಸ್ ಛಿದ್ರವಾಗಿತ್ತು. ಯಾವ ಕಂಟೇನರ್ ಯಾರದು ಎಂದು ಹೇಳುವವರಿಲ್ಲದೆ ನಮ್ಮ ಸರಕು ಬಂದರಿನಲ್ಲಿ ನಾಲ್ಕು ದಿನ ಬಿಸಿಲಿಗೆ ನಿಂತಿತು. ವಿಚಾರಣೆಯೂ ಆಯಿತು. ಮೊಯ್ದಿನಬ್ಬರ ಲಾಗಿನ್ನನ್ನು ಮ್ಯಾನೇಜರು ಮೊದಲ ದಿನವೇ ಮುಚ್ಚಿಸಿದ್ದರು; ತಮ್ಮ ಮೇಲ್‌ಗಳನ್ನು ಅವರೇ ತೆರೆಯುವಂತಿರಲಿಲ್ಲ.

ಅವರು ನನ್ನ ಮೇಜಿನ ಬಳಿ ಬಂದರು. "ಸಾರ್, ನನ್ನ ಮೂರು ಮೇಲ್ ನಿಮ್ಮತ್ರ ಉಂಟಲ್ಲ. ದೊಡ್ಡವರಿಗೆ ಒಂದು ಸಲ ತೋರಿಸಿ. ನನ್ನ ವೀಸಾ ಕ್ಯಾನ್ಸಲ್ ಆದ್ರೆ ಹೆಂಡತಿ, ಮಗಳು ಎಲ್ಲರೂ ಹೋಗ್ಬೇಕು. ಮಗಳದ್ದು ಟೆಂತ್."

"ತೋರಿಸ್ತೀನಿ ಬಿಡಿ" ಎಂದೆ.

ಬ್ಯಾಟರಿಯನ್ನು ಸಕಾಲಕ್ಕೆ ಬದಲಿಸದಿದ್ದದ್ದು ಮೊಯ್ದಿನಬ್ಬರ ನಿರ್ಲಕ್ಷ್ಯ ಎಂಬ ವರದಿಯನ್ನು ಮ್ಯಾನೇಜರು ನನ್ನ ಮುಂದಿಟ್ಟರು. ನನ್ನ ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ಕಾಗದ ಅವರ ಸಹಿಗೆ ಕಾಯುತ್ತಿತ್ತು. ಅವರು ಬಾಯಿಬಿಟ್ಟು ಬೆದರಿಸಲಿಲ್ಲ, ಬೆದರಿಸುವ ಅಗತ್ಯವೂ ಇರಲಿಲ್ಲ. ನಾನು ಸಹಿ ಹಾಕಿದೆ. ಹೆಂಡತಿ ಬಂದಳು. ನನ್ನಂಥವರನ್ನು ಕಂಪನಿಗಳು ಬೇಗ ಮೇಲೆತ್ತುತ್ತವೆ. ನನಗೆ ಬಡ್ತಿಯೂ ಸಿಕ್ಕಿತು.

ವೀಸಾ ರದ್ದಾಗಿ ಮೊಯ್ದಿನಬ್ಬರು ಊರಿಗೆ ಹೊರಡುವ ಹಿಂದಿನ ದಿನ, ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ, ಗುದೈಬಿಯಾದ ಅವರ ಫ್ಲ್ಯಾಟಿಗೆ ಹೋದೆ. ಯಾಕೆ ಹೋದೆನೋ, ಕ್ಷಮಿಸಿದೆ ಎನ್ನಿಸಿಕೊಳ್ಳಲು ಇರಬೇಕು. ಮಗಳು ಪಠ್ಯಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು, ತಲೆ ಎತ್ತಲಿಲ್ಲ. ಮೊಯ್ದಿನಬ್ಬರು ಚಹಾ ತಂದಿಟ್ಟರು.

"ಮೇಲ್ ತೋರಿಸಿದ್ರಾ ಸಾರ್?"

"ಹುಡುಕಿದೆ ಮೊಯ್ದಿನಬ್ಬರೇ. ಅವತ್ತು ಎಲ್ಲಾ ಹಾಳಾಯ್ತಲ್ಲ, ಅದ್ರಲ್ಲೇ ಹೋಗ್ಬಿಟ್ಟಿದೆ."

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಮೇಲ್ ಸರ್ವರ್ ಬೇರೆ ಸಾರ್. ಅದಕ್ಕೆ ಏನೂ ಆಗ್ಲಿಲ್ಲ. ಅದರ ಬ್ಯಾಟ್ರಿ ನಾನು ಹೋದ ವರ್ಷವೇ ಹಾಕಿದ್ದೆ. ಚಾ ಕುಡೀರಿ, ತಣೀತದೆ."

ಕುಡಿದೆ. ಶುಕ್ರ, ಶನಿಯ ವಾರದ ರಜೆ ಮುಗಿದು ಭಾನುವಾರ ಆಫೀಸಿಗೆ ಹೋದವನು ಮೊದಲು ಆ ಮೂರು ಮೇಲ್‌ಗಳನ್ನು ಹುಡುಕಿದೆ. ಮೂರೂ ಇದ್ದವು. ಒಂದೊಂದಾಗಿ ಅಳಿಸಿ ಹಾಕಿದೆ.