ಮಿಸ್ ಲುವೀನಿಯಾರ ನಿಜವಾದ ವಯಸ್ಸು

ನಮ್ಮ ಚರ್ಚಿನಲ್ಲಿ ಸತ್ತವರಿಗೆಲ್ಲ ವಯಸ್ಸು ಸ್ವಲ್ಪ ಕಡಿಮೆ. ಕಡಿಮೆ ಮಾಡುತ್ತಿದ್ದವರು ಮಿಸ್ ಲುವೀನಿಯಾ ಪೆಟಿಫೋರ್ಡ್. ಯಾರು ತೀರಿಕೊಂಡರೂ ಅಂತ್ಯಕ್ರಿಯೆಯ ದಿನ ಹಂಚುವ ಪುಸ್ತಿಕೆಯನ್ನು ಟೈಪ್ ಮಾಡುತ್ತಿದ್ದದ್ದು ಅವರೇ. ಮುಖಪುಟದಲ್ಲಿ ಹ್ಯಾಟು ಹಾಕಿಕೊಂಡ ಒಂದು ಒಳ್ಳೆಯ ಫೋಟೋ. ಒಳಗೆ ಹುಟ್ಟಿದ್ದು ಯಾವಾಗ, ದುಡಿದದ್ದು ಎಲ್ಲಿ, ಯಾವ ಗಾಯನ ತಂಡದಲ್ಲಿ ಹಾಡುತ್ತಿದ್ದರು, ಹಿಂದೆ ಬಿಟ್ಟು ಹೋದ ಮಕ್ಕಳು ಮೊಮ್ಮಕ್ಕಳು ಯಾರು ಯಾರು, ಎಲ್ಲ ಇರಬೇಕು. ನಮ್ಮ ಜನ ಈ ಪುಸ್ತಿಕೆಯನ್ನು ಎಸೆಯುವುದಿಲ್ಲ. ಬೈಬಲ್ಲಿನೊಳಗೆ ಇಡುತ್ತಾರೆ. ಬೈಬಲ್ಲು ಮುಚ್ಚಲಾಗದಷ್ಟು ಉಬ್ಬಿದ ಮೇಲೆ ಬೀರುವಿಗೆ ತುರುಕುತ್ತಾರೆ. ಮಿಸ್ ಲುವೀನಿಯಾ ಮಾತ್ರ ತಾವು ಟೈಪ್ ಮಾಡಿದ ಪ್ರತಿಯೊಂದನ್ನೂ ಒಂದು ನೀಲಿ ಸೂಟ್‌ಕೇಸಿನಲ್ಲಿ ಇಟ್ಟು ಮಂಚದ ಕೆಳಗೆ ತಳ್ಳಿದ್ದರು.

ಇದನ್ನೆಲ್ಲ ಹೇಳುತ್ತಿರುವ ನಾನು ಚಾರ್ಲೀನ್. ವಯಸ್ಸು ಐವತ್ತೆಂಟು. ಊರಿನ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಊಟದ ತಟ್ಟೆ ಜೋಡಿಸುವವರ ಮೇಲೆ ಕೂಗಾಡುವುದು ನನ್ನ ಉದ್ಯೋಗ. ಭಾನುವಾರ ಮಾತ್ರ ನನ್ನ ಮೇಲೆ ಕೂಗಾಡುವವರು ಮಿಸ್ ಲುವೀನಿಯಾ. ಕೂಗಾಡುವುದು ಅಂದೆನಲ್ಲ, ಅದು ಬರೀ ಕಣ್ಣಲ್ಲಿ. ಚರ್ಚಿಗೆ ಬಂದವರನ್ನು ಕೂರಿಸುವ ಹೆಂಗಸರು ನಾವು. ಬಿಳಿ ಉಡುಪು, ಬಿಳಿ ಕೈಗವಸು, ಬಿಳಿ ಬೂಟು. ಪ್ರಾರ್ಥನೆ ಶುರುವಾಯಿತೆಂದರೆ ನಮ್ಮ ಬಾಯಿಗೆ ಬೀಗ. ಎರಡು ಜಾಗ ಖಾಲಿ ಇದೆ, ಬೀಸಣಿಗೆ ತಾ, ಆ ಅಮ್ಮ ಭಾವಾವೇಶದಲ್ಲಿ ಬೀಳುತ್ತಾಳೆ ಹಿಡಿ, ಎಲ್ಲವೂ ಕೈಸನ್ನೆ. ನಲವತ್ತೊಂದು ವರ್ಷ ಆ ಬಾಗಿಲಲ್ಲಿ ನಿಂತ ಮಿಸ್ ಲುವೀನಿಯಾ ಪ್ರಾರ್ಥನೆಯ ಹೊತ್ತಿನಲ್ಲಿ ಒಂದೇ ಒಂದು ಮಾತು ಆಡಿದ್ದನ್ನು ಯಾರೂ ಕೇಳಿರಲಿಲ್ಲ. ಒಂದು ಸಲ ನಾನು ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದ್ದಕ್ಕೆ ಒಂದು ತಿಂಗಳು ನನ್ನನ್ನು ಕೋಟು ನೇತುಹಾಕುವ ಕೋಣೆಗೆ ಹಾಕಿದ್ದರು.

ಅವರು ದುಡಿದದ್ದು ನಾನು ದುಡಿಯುವ ಆಸ್ಪತ್ರೆಯಲ್ಲೇ, ಲಾಂಡ್ರಿಯಲ್ಲಿ. ಬಿಳಿಯರನ್ನೂ ಕರಿಯರನ್ನೂ ಬೇರೆಬೇರೆ ಇಡುತ್ತಿದ್ದ ಆ ಕಾಲದಲ್ಲಿ ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಅದರ ಗೋಡೆಗೆ ತಾಗಿಕೊಂಡೇ ಕರಿಯ ರೋಗಿಗಳ ವಾರ್ಡು. ಮೇಲಿನ ಮಹಡಿಗಳ ಬಿಳಿಯ ರೋಗಿಗಳ ಹಾಸಿಗೆ ಬಟ್ಟೆಯೆಲ್ಲ ಕೆಳಗಿಳಿದು, ಕುದಿದು, ಹಬೆಯಾಡುವ ದೊಡ್ಡ ಇಸ್ತ್ರಿ ಉರುಳೆಗಳ ನಡುವೆ ಹಾದು, ಮಡಿಕೆಯಾಗಿ ಮೇಲೆ ಹೋಗುತ್ತಿತ್ತು. ಅದನ್ನು ಮಾಡುತ್ತಿದ್ದ ಹೆಂಗಸರೆಲ್ಲ ನಮ್ಮ ಚರ್ಚಿನವರು, ನಮ್ಮ ಬೀದಿಯವರು. ಯಾವ ವರ್ಷ ಸೇರಿದಿರಿ ಎಂದು ಕೇಳಿದರೆ ಮಿಸ್ ಲುವೀನಿಯಾ, ನೀನು ಹುಟ್ಟೋಕೆ ಮುಂಚೆ ಎಂದು ಹೇಳಿ ಮಾತು ತಿರುಗಿಸುತ್ತಿದ್ದರು. ಎರಡು ವರ್ಷದ ಹಿಂದೆ ಅವರ ಹುಟ್ಟುಹಬ್ಬದ ಕೇಕಿನ ಮೇಲೆ ಎಪ್ಪತ್ತೈದು ಎಂದು ಸಕ್ಕರೆಯಲ್ಲಿ ಬರೆದವಳು ನಾನೇ.

ಈ ವರ್ಷ ಆಸ್ಪತ್ರೆಗೆ ತೊಂಬತ್ತು ತುಂಬಿತು. ಹೊಸ ಕಟ್ಟಡದ ಮುಂಬಾಗಿಲಿಗೆ ಎದುರಾಗಿ ಒಂದು ಗೋಡೆ ಕಟ್ಟಿ, ಮೊದಲ ಐವತ್ತು ವರ್ಷ ಅಲ್ಲಿ ದುಡಿದವರೆಲ್ಲರ ಹೆಸರನ್ನು ಹಿತ್ತಾಳೆಯಲ್ಲಿ ಕೆತ್ತಿಸುವುದು ಎಂದು ತೀರ್ಮಾನವಾಯಿತು. ಡಾಕ್ಟರುಗಳ ಹೆಸರು ಸಿಕ್ಕಿತು. ನರ್ಸುಗಳದು ಸಿಕ್ಕಿತು. ತೋಟದ ಮಾಲಿಯ ನಾಯಿಯ ಹೆಸರು ಕೂಡ ಯಾವುದೋ ಕಾಗದದಲ್ಲಿ ಸಿಕ್ಕಿತಂತೆ. 1948ರ ಲಾಂಡ್ರಿಯ ಪುಟ ತೆಗೆದರೆ ಒಂದೇ ಸಾಲು: ‘ಲಾಂಡ್ರಿ, ಕರಿಯರು, ಹದಿನಾಲ್ಕು.’ ಮರುವರ್ಷವೂ ಹದಿನಾಲ್ಕು. ಅದರ ಮರುವರ್ಷ ಹದಿನೈದು. ಬಕೆಟ್ಟು ಎಣಿಸಿದ ಹಾಗೆ ಎಣಿಸಿದ್ದರು. ಅದನ್ನು ನೋಡಿದ ದಿನ ನಾನು ಅಡುಗೆಮನೆಯಲ್ಲಿ ಎರಡು ತಟ್ಟೆ ಒಡೆದೆ, ಕೈಜಾರಿ ಅಲ್ಲ.

ಹೆಸರು ಕಲೆಹಾಕಲು ಆಸ್ಪತ್ರೆ ನೇಮಿಸಿದ ಹುಡುಗಿ ಇಮಾನಿ ರಡ್. ನಮ್ಮವಳೇ, ಅಟ್ಲಾಂಟಾದಲ್ಲಿ ಓದಿದವಳು, ಹಳೆಯ ಕಾಗದಗಳನ್ನು ಓದುವುದೇ ಅವಳ ವಿದ್ಯೆ. ಸಮಿತಿಯ ನಿಯಮವನ್ನು ಅವಳು ನಮಗೆ ಬಿಡಿಸಿ ಹೇಳಿದಳು. ಹೆಸರೊಂದಕ್ಕೆ ಮುದ್ರಿತವಾದ ಒಂದು ಹಳೆಯ ಕಾಗದ ಬೇಕು, ಅದನ್ನು ಹೌದೆನ್ನುವ ಒಬ್ಬ ಸಾಕ್ಷಿ ಬೇಕು. ಫೆಬ್ರವರಿ ಮುಗಿಯುವುದರೊಳಗೆ ಕೊಡಬೇಕು. ತಪ್ಪಿದರೆ ಗೋಡೆಯ ಕೊನೆಯಲ್ಲಿ ‘ಮತ್ತು ಇತರರು’ ಎಂದು ಹಾಕಿ ಕೈತೊಳೆದುಕೊಳ್ಳುತ್ತಾರೆ.

ಮುದ್ರಿತ ಕಾಗದ ಎಂದ ಕೂಡಲೇ ಮಿಸ್ ಲುವೀನಿಯಾ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮರುದಿನವೇ ಸೂಟ್‌ಕೇಸು ಮಂಚದ ಕೆಳಗಿನಿಂದ ಹೊರಬಂತು. ಲಾಂಡ್ರಿಯ ಹೆಂಗಸರು ನಲವತ್ತಮೂರು ಮಂದಿ ಸಿಕ್ಕರು. ಪುಸ್ತಿಕೆಗಳ ಒಳಪುಟಗಳನ್ನಷ್ಟೇ ನಕಲು ಮಾಡಿಸಿ ಇಮಾನಿಗೆ ಕೊಟ್ಟೆವು. ಮೂಲ ಪ್ರತಿಗಳನ್ನು ಮಿಸ್ ಲುವೀನಿಯಾ ಯಾರ ಕೈಗೂ ಕೊಡಲಿಲ್ಲ. ಸಾಕ್ಷಿಯಾಗಿ ತಾವೇ ಸಹಿ ಹಾಕಿದರು. ಆ ಸಂಜೆ ನಾನು ಗೆಣಸಿನ ಪೈ ಮಾಡಿ ತಂದೆ, ಇಬ್ಬರೂ ಸೇರಿ ಅರ್ಧ ಮುಗಿಸಿದೆವು.

ವಾರ ಕಳೆಯುವುದರಲ್ಲಿ ಇಮಾನಿ ಮಿಸ್ ಲುವೀನಿಯಾರ ಮನೆಗೆ ಬಂದಳು, ನಾನೂ ಅಲ್ಲಿದ್ದೆ. ಕೊಟ್ಟ ಕಾಫಿ ಮುಟ್ಟಲಿಲ್ಲ. ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅವುಗಳ ಅಂಚು ಸರಿಮಾಡುತ್ತ ಕೂತಳು.

“ಮಿಸ್ ಲುವೀನಿಯಾ, ಸಿಟ್ಟು ಮಾಡ್ಕೋಬೇಡಿ. ಈ ಬ್ಯೂಲಾ ಹೇರ್‌ಸ್ಟನ್ ಅವರದು ನೋಡಿ. ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತರಲ್ಲಿ ಅಂತಿದೆ. ಲಾಂಡ್ರಿಗೆ ಸೇರಿದ್ದು ಮೂವತ್ತಾರರಲ್ಲಿ ಅಂತಿದೆ. ಆರು ವರ್ಷದ ಮಗು ಹಾಸಿಗೆ ಬಟ್ಟೆ ಒಗೀತಿತ್ತಾ?”

ಇಂಥವು ಒಂಬತ್ತು ಸಿಕ್ಕಿವೆ ಎಂದಳು ಇಮಾನಿ. ಒಂಬತ್ತು ಸುಳ್ಳಾದರೆ ಸಮಿತಿಯವರು ನಲವತ್ತಮೂರನ್ನೂ ಬದಿಗೆ ಸರಿಸುತ್ತಾರೆ. ಆಮೇಲೆ ತಲೆ ತಗ್ಗಿಸಿ, ಇನ್ನೂ ಒಂದಿದೆ ಎಂದಳು. ನಲವತ್ತೆಂಟರಿಂದ ಇವರೆಲ್ಲರ ಜೊತೆ ದುಡಿದೆ ಎಂದು ಸಹಿ ಮಾಡಿದ ಸಾಕ್ಷಿಗೆ, ಚರ್ಚಿನ ಸದಸ್ಯರ ಪುಸ್ತಕದ ಪ್ರಕಾರ, ಕೆಲಸಕ್ಕೆ ಸೇರಿದಾಗ ಒಂಬತ್ತು ವರ್ಷ.

ನನಗೆ ನಗು ಬಂತು. ನುಂಗಿಕೊಂಡೆ. ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಹೆಂಗಸರಲ್ಲಿ ಹೆಚ್ಚಿನವರು ಸೂಲಗಿತ್ತಿಯ ಕೈಯಲ್ಲಿ ಮನೆಯಲ್ಲೇ ಹುಟ್ಟಿದವರು. ಬೇರೆ ಕಾಗದ ಇರಲಿಲ್ಲ. ಇದ್ದದ್ದು ಈ ಪುಸ್ತಿಕೆ ಒಂದೇ, ಅದನ್ನೂ ನಮ್ಮ ಅಮ್ಮಂದಿರ ಜಂಬ ತಿಂದುಹಾಕಿತ್ತು.

ಇಮಾನಿ ಹೋದ ಮೇಲೆ ಪುಸ್ತಿಕೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದೆ. ಬ್ಯೂಲಾರದು ಕೈಜಾರಿ ಬೋರಲಾಗಿ ಬಿತ್ತು. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘1918. ಎರಡನೇ ಉರುಳೆ. ಎಡಗೈ ಸುಟ್ಟಿದ್ದು 1941.’ ಇನ್ನೊಂದನ್ನು ತಿರುಗಿಸಿದೆ, ಅದರಲ್ಲೂ ಇತ್ತು. ಮತ್ತೊಂದರಲ್ಲೂ. ಎಲ್ಲರ ನಿಜವಾದ ವರ್ಷ, ಯಾವ ಯಂತ್ರದಲ್ಲಿ ನಿಂತಿದ್ದರು, ಏನು ಹಾಡುತ್ತಿದ್ದರು. ಮಿಸ್ ಲುವೀನಿಯಾ ನನ್ನ ಕೈಯಿಂದ ಕಿತ್ತುಕೊಂಡರು.

ಇಷ್ಟೆಲ್ಲ ಬರೆದಿಟ್ಟು ಸುಮ್ಮನೆ ಕೂತಿದ್ದೀರಲ್ಲ, ನಾಳೆಯೇ ಕೊಟ್ಟುಬಿಡೋಣ ಎಂದು ನಾನು ಹಾರಾಡಿದೆ. ಅವರು ಮಂಚದ ಮೇಲೆ ಕೂತರು. ನನಗೆ ಗೊತ್ತಿದ್ದ ಮಿಸ್ ಲುವೀನಿಯಾ ಹಾಗೆ ಕುಸಿದು ಕೂರುವವರಲ್ಲ.

“ಮಾತು ಕೊಟ್ಟಿದ್ದೀನಿ ಕಣೇ, ಚಾರ್ಲೀನ್. ಬ್ಯೂಲಾ ಹಾಸಿಗೆ ಹಿಡಿದಾಗ ನನ್ನ ಕೈ ಹಿಡ್ಕೊಂಡು, ಅರವತ್ನಾಲ್ಕು ಅಂತ ಹಾಕು ಲುವೀನಿಯಾ, ಒಂದು ದಿನಾನೂ ಜಾಸ್ತಿ ಬೇಡ ಅಂದ್ಲು. ಆಗ ಅವಳಿಗೆ ಎಪ್ಪತ್ತಾರು. ಟೈಪ್ ಮಾಡಿದ್ದು ಜನಕ್ಕೆ, ಪೆನ್ಸಿಲ್‌ದು ದೇವ್ರಿಗೆ. ಈಗ ಅದನ್ನ ಊರಿಗೆಲ್ಲ ತೋರಿಸಲಾ? ಸತ್ತೋಳ ಹತ್ರ ಹೋಗಿ, ಬಿಟ್ಟುಕೊಡೇ ಅಂತ ಕೇಳೋಕಾಗುತ್ತಾ?”

ಆರು ಮಕ್ಕಳ ತಾಯಿ ಬ್ಯೂಲಾಗೆ ಇಂಥ ಹುಡುಗಾಟ ಯಾಕೆ ಬೇಕಿತ್ತು ಎಂದು ಕೇಳಿದೆ. ಕೇಳಬಾರದಿತ್ತು.

“ಹದಿನಾರಕ್ಕೆ ಆ ಹಬೆಯೊಳಗೆ ಇಳಿದೋರು ನಾವು. ಮೂವತ್ತಕ್ಕೇ ಕೈ ನೋಡಿದ್ರೆ ಮುದುಕೀರ ಕೈ. ಆ ಉರುಳೆ ನಮ್ಮ ಎಷ್ಟು ವರ್ಷ ತಿಂದಿದೆ ನಿನಗೇನು ಗೊತ್ತು? ಅದರಲ್ಲಿ ಸ್ವಲ್ಪ ವಾಪಸ್ ತಗೊಂಡ್ವಿ, ಅಷ್ಟೇ.”

ನನ್ನ ತಾಯಿಯೂ ಆ ನಲವತ್ತಮೂರರಲ್ಲಿ ಒಬ್ಬಳು. ಅವಳ ಪುಸ್ತಿಕೆಯನ್ನು ತಿರುಗಿಸಿ ನೋಡುವ ಧೈರ್ಯ ಆ ದಿನ ನನಗಾಗಲಿಲ್ಲ.

ಎರಡು ವಾರ ಅವರು ಆ ಮಾತೆತ್ತಲಿಲ್ಲ. ಫೆಬ್ರವರಿಯ ಕೊನೆಯ ಭಾನುವಾರ ಬಂತು. ಸಮಿತಿಗೆ ಕಾಗದ ಕೊಡಲು ಮರುದಿನವೇ ಕೊನೆ. ಇಮಾನಿಯೂ ಚರ್ಚಿಗೆ ಬಂದಿದ್ದಳು. ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದು ಮಿಸ್ ಲುವೀನಿಯಾರೇ, ಆಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಹಾಡಾಯಿತು. ಕಾಣಿಕೆಯಾಯಿತು. ಪಾದ್ರಿಗಳು ವಾರದ ಪ್ರಕಟಣೆ ಓದಿ, ಇನ್ನೇನಾದರೂ ಇದೆಯೇ ಎಂದು ವಾಡಿಕೆಯಂತೆ ಕೇಳಿದರು. ಬಾಗಿಲಲ್ಲಿ ನಿಂತಿದ್ದ ಬಿಳಿ ಕೈಗವಸೊಂದು ಮೇಲೆದ್ದಿತು. ನಾನು ಅದನ್ನು ಸನ್ನೆ ಎಂದುಕೊಂಡು ಬೀಸಣಿಗೆ ತರಲು ಹೊರಟೆ.

ಬೀಸಣಿಗೆಗೆ ಅಲ್ಲ. ಮಿಸ್ ಲುವೀನಿಯಾ ನಡುದಾರಿಯಲ್ಲಿ ನೆಟ್ಟಗೆ ನಡೆದು ಹೋಗಿ, ಪೀಠದ ಮುಂದೆ ನಿಂತು, ನಮ್ಮ ಕಡೆ ತಿರುಗಿದರು. ಮಾತಾಡಬಾರದ ಜಾಗದಲ್ಲಿ ಅವರು ಬಾಯಿ ತೆರೆಯುತ್ತಿದ್ದರು.

“ನಾನು ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ,” ಎಂದರು. “ಮೂವತ್ತೊಂಬತ್ತು ಅಂತ ನಿಮಗೆಲ್ಲ ಸುಳ್ಳು ಹೇಳಿದ್ದೆ. ಹದಿನಾರಕ್ಕೆ ಲಾಂಡ್ರಿಗೆ ಇಳಿದೆ. ಅವರ ಪುಸ್ತಕದಲ್ಲಿ ಹದಿನಾಲ್ಕು ಅಂತಿದೆಯಲ್ಲ, ಆ ಹದಿನಾಲ್ಕರಲ್ಲಿ ಒಬ್ಬಳು ನಾನು.”

ಯಾರೋ ಹಿರಿಯರು ಮೆಲ್ಲಗೆ ಆಮೆನ್ ಎಂದರು. ಮಿಸ್ ಲುವೀನಿಯಾ ಕೈಗವಸು ಕಳಚಿದರು. ಆ ಕೈಗಳನ್ನು ಬರಿದಾಗಿ ನಾನು ಚರ್ಚಿನಲ್ಲಿ ನೋಡಿದ್ದು ಅದೇ ಮೊದಲು. ನನ್ನದನ್ನು ನಾನು ಹೇಳಿದ್ದೀನಿ, ಸತ್ತವರದನ್ನು ನಾನು ಹೇಳುವುದಿಲ್ಲ, ಅದು ನನ್ನದಲ್ಲ ಎಂದರು. ಅವರ ಮಕ್ಕಳು ಇಲ್ಲೇ ಕೂತಿದ್ದೀರಿ. ನಿಮ್ಮ ಅಮ್ಮ ಗೋಡೆಯ ಮೇಲೆ ಇರಬೇಕೋ, ಅರವತ್ನಾಲ್ಕರಲ್ಲೇ ಇರಬೇಕೋ, ನೀವೇ ನೋಡಿಕೊಳ್ಳಿ ಎಂದರು.

ಆಮೇಲೆ ಮೂರನೇ ಬೆಂಚಿನಲ್ಲಿ ಬ್ಯೂಲಾರ ಮಗಳು ಡೆಲೋರಿಸ್ ಎದ್ದಳು. ನಮ್ಮಲ್ಲೆಲ್ಲ ಅತಿ ಜಂಬದವಳು, ತನ್ನ ಹ್ಯಾಟಿನ ಹಿಂದೆ ಕೂತವರಿಗೆ ಪಾದ್ರಿಗಳೇ ಕಾಣಿಸುವುದಿಲ್ಲ. ಅವಳು ಆ ಹ್ಯಾಟು ತೆಗೆದು ಬೆಂಚಿನ ಮೇಲಿಟ್ಟಳು.

“ನಮ್ಮಮ್ಮ ಹುಟ್ಟಿದ್ದು ಹದಿನೆಂಟರಲ್ಲಿ,” ಎಂದಳು. “ಅಮ್ಮಾ, ಬೈಕೋಬೇಡ. ಹೆಸರು ಹಾಕಿಸ್ತೀನಿ.”

ಅಲ್ಲಿಂದಾಚೆ ತಡೆಯುವವರೇ ಇರಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ನಮ್ಮಜ್ಜಿ ಇಪ್ಪತ್ತೊಂದು, ಇಪ್ಪತ್ತೇಳಲ್ಲ. ನಮ್ಮ ದೊಡ್ಡಮ್ಮ ಹದಿನಾಲ್ಕು, ದೇವರ ಮೇಲಾಣೆ. ಜನ ನಗುತ್ತಿದ್ದರು, ಅಳುತ್ತಿದ್ದರು, ಚಪ್ಪಾಳೆ ಹೊಡೆಯುತ್ತಿದ್ದರು. ಪಿಯಾನೋದವನು ಪ್ರತಿ ವರ್ಷಕ್ಕೂ ಒಂದು ಸ್ವರ ಒತ್ತುತ್ತಿದ್ದ. ಹಿಂದಿನ ಬೆಂಚಿನಲ್ಲಿ ಇಮಾನಿ ಬರೆದುಕೊಳ್ಳುತ್ತಲೇ ಇದ್ದಳು, ಕೆನ್ನೆ ಒರೆಸಿಕೊಳ್ಳಲು ಕೂಡ ಪುರುಸೊತ್ತಿಲ್ಲದೆ. ನಾನೂ ಎದ್ದು ನಿಂತು, ಚಿಕ್ಕಂದಿನಿಂದ ಗೊತ್ತಿದ್ದೂ ಬಾಯಿ ಬಿಡದಿದ್ದ ನನ್ನ ತಾಯಿಯ ವರ್ಷ ಹೇಳಿದೆ. ಹೇಳಿದ ಮೇಲೆ ಅವಳು ಎಷ್ಟೋ ವರ್ಷದ ನಂತರ ಮತ್ತೆ ಹುಟ್ಟಿದ ಹಾಗೆ ಅನಿಸಿತು ನನಗೆ. ಅಷ್ಟು ಸಂತೋಷವನ್ನು ನಾನು ಚರ್ಚಿನಲ್ಲಿ ಯಾವತ್ತೂ ಕಂಡಿರಲಿಲ್ಲ.

ಮರುದಿನ ಸೂಟ್‌ಕೇಸು ಸಮೇತ ಮಿಸ್ ಲುವೀನಿಯಾ ಸಮಿತಿಯ ಮುಂದೆ ಕೂತರು. ಹಿಂಬದಿಯ ಪೆನ್ಸಿಲ್ ಬರಹವನ್ನೂ ಮಕ್ಕಳು ಭಾನುವಾರ ಹೇಳಿದ್ದನ್ನೂ ಇಮಾನಿ ಪಕ್ಕಪಕ್ಕದಲ್ಲಿಟ್ಟಳು. ನಲವತ್ತಮೂರರಲ್ಲಿ ಒಂದೂ ತಾಳ ತಪ್ಪಲಿಲ್ಲ.

ಜೂನಿನಲ್ಲಿ ಗೋಡೆ ತೆರೆದರು. ಅಡುಗೆಮನೆಯವರನ್ನೂ ಲಾಂಡ್ರಿಯವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಹಾಗೆ ಕೂರಿಸದಿದ್ದರೆ ಆ ದಿನ ಯಾರಿಗೂ ಊಟ ಇಲ್ಲವೆಂದು ನಾನು ಮೊದಲೇ ಹೇಳಿಟ್ಟಿದ್ದೆ. ಗಾಜಿನ ಹಿಂದೆ ಆ ಹಳೆಯ ಪುಟ, ‘ಲಾಂಡ್ರಿ, ಕರಿಯರು, ಹದಿನಾಲ್ಕು.’ ಅದರ ಪಕ್ಕದಲ್ಲಿ ಹಿತ್ತಾಳೆಯ ಹೆಸರುಗಳು. ‘ಬ್ಯೂಲಾ ಹೇರ್‌ಸ್ಟನ್, ಲಾಂಡ್ರಿ, 1936–1980.’ ದುಡಿದ ವರ್ಷ ಮಾತ್ರ, ಹುಟ್ಟಿದ ವರ್ಷ ಯಾರದೂ ಇರಲಿಲ್ಲ. ಅದು ಇಮಾನಿ ಮಾಡಿದ ಉಪಕಾರ. ಮಿಸ್ ಲುವೀನಿಯಾ ಕೋಲೂರಿ ಎದ್ದು, ಬರಿಗೈಯಲ್ಲಿ ಒಂದೊಂದೇ ಹೆಸರು ಮುಟ್ಟುತ್ತ, ನಲವತ್ತೆಂಟರ ಹದಿನಾಲ್ಕು ಮಂದಿಯನ್ನು ಗಟ್ಟಿಯಾಗಿ ಕೂಗಿದರು, ಹಾಜರಿ ಕರೆದ ಹಾಗೆ. ಕೊನೆಯದು ಅವರದೇ. ಅದನ್ನು ಕೂಗಿ, ಇದ್ದೀನಿ ಎಂದರು.

ಅದೇ ವಾರ ಅವರ ಹುಟ್ಟುಹಬ್ಬ. ಕೇಕಿನ ಮೇಲೆ ಎಂಬತ್ತನಾಲ್ಕು ಎಂದು ದೊಡ್ಡದಾಗಿ ಬರೆದೆ. ಏಳು ವರ್ಷದ ಕೇಕು ನೀನು ನನಗೆ ಬಾಕಿ ಎಂದು ಅವರು ಗದರಿದರು. ಎಲ್ಲರೂ ಹೋದ ಮೇಲೆ ನೀಲಿ ಸೂಟ್‌ಕೇಸನ್ನು ನನ್ನ ಕಾಲ ಬಳಿ ತಳ್ಳಿ, ಇನ್ನು ಟೈಪ್ ಮಾಡುವವಳು ನೀನು ಎಂದರು. ಮೊದಲು ಒಂದು ಖಾಲಿ ಹಾಳೆಯ ಹಿಂಬದಿಯಲ್ಲಿ ನಿನ್ನದನ್ನೇ ಬರೆದಿಡು ಎಂದು ಪೆನ್ಸಿಲ್ ಕೊಟ್ಟರು.

ಪೆನ್ಸಿಲ್ ಹಿಡಿದುಕೊಂಡು ಸುಮಾರು ಹೊತ್ತು ಕೂತೆ. ಅವರು ನನ್ನನ್ನೇ ನೋಡುತ್ತಿದ್ದರು, ಭಾನುವಾರದ ಆ ಕಣ್ಣಿನಿಂದ. ಕೊನೆಗೆ ಬರೆದೆ: ‘ಚಾರ್ಲೀನ್. 1954. ಅಡುಗೆಮನೆ.’

ಮೊದಲಿಗೆ ನಿಮಗೆ ಹೇಳಿದ ಐವತ್ತೆಂಟಕ್ಕೆ ಇನ್ನು ನಾಲ್ಕು ಸೇರಿಸಿಕೊಳ್ಳಿ.